ವೇಳೆ ಕೇಳುವಾಗ ‘ರಿ’ ಎಲ್ಲಿ ಹೋಯಿತು?

ಬಸವಕಲ್ಯಾಣದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ಎಂಟನೆಯ ತರಗತಿಯ ಇಂಗ್ಲಿಷ್ ಅವಧಿ ನನ್ನ ಪಾಲಿಗೆ ಬಂತು. ‘ನಾನು ಅಪರಿಚಿತ ಹಿರಿಯ ಎಂದುಕೊಂಡು ನನ್ನನ್ನು ವೇಳೆ ಕೇಳಿ’ ಎಂದೆ. ಒಬ್ಬ ವಿದ್ಯಾರ್ಥಿ ಎದ್ದು ಕೈಕಟ್ಟಿ ನಿಂತು, ‘ಸರ್, ಟೆಲ್ ಟೈಮ್’ ಎಂದ. ‘ಹಿರಿಯರಿಗೆ ಹೀಗೆ ಆಜ್ಞೆ ಮಾಡಬಾರದು’ ಎಂದು ಗದರಿದೆ. ಆ ಅವಧಿಯಲ್ಲಿ ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಸಂಜೆ ಪಾಠದ ಅವಲೋಕನ ಬರೆಯುವಾಗ ನನ್ನ ತಪ್ಪು ತಿಳಿಯಿತು. ಅವನ ಮನಸ್ಸಿನಲ್ಲಿ ಇದ್ದದ್ದು ‘ಸರ್, ಟೈಮ್ ಹೇಳ್ರಿ’ ಎಂಬ ಮಾತು. ನಮ್ಮ ಭಾಷೆಯಲ್ಲಿ ವಿನಯ ಕ್ರಿಯಾಪದದ ತುದಿಯಲ್ಲಿದೆ: ‘ಹೇಳು’ ಎಂದರೆ ಸಲಿಗೆ, ‘ಹೇಳ್ರಿ’ ಎಂದರೆ ಗೌರವ. ಇಂಗ್ಲಿಷ್‌ನ ‘ಟೆಲ್’ಗೆ ಅಂಥ ಪ್ರತ್ಯಯವಿಲ್ಲ. ಅನುವಾದದಲ್ಲಿ ‘ರಿ’ ಉದುರಿ, ಆಜ್ಞೆ ಮಾತ್ರ ಉಳಿಯಿತು.

ಮರುದಿನ ಅವನಿಗೇ ಕನ್ನಡದಲ್ಲಿ ಕೇಳಲು ಹೇಳಿದೆ. ಅವನ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು ‘ರಿ’ಗೆ ಗೆರೆ ಎಳೆದೆ. ಇಂಗ್ಲಿಷ್‌ನಲ್ಲಿ ಈ ಗೌರವ ವಾಕ್ಯರಚನೆಯಲ್ಲಿ ಬರುತ್ತದೆ ಎಂದು ವಿವರಿಸಿದೆ. ಗೆಳೆಯರಲ್ಲಿ ‘ವಾಟ್ ಟೈಮ್ ಇಸ್ ಇಟ್?’ ಸಾಕು. ಅಪರಿಚಿತರಲ್ಲಿ, ಹಿರಿಯರಲ್ಲಿ ‘ಎಕ್ಸ್‌ಕ್ಯೂಸ್ ಮಿ, ಕುಡ್ ಯು ಟೆಲ್ ಮಿ ದ ಟೈಮ್, ಪ್ಲೀಸ್?’ ಎನ್ನಬೇಕು. ಇಲ್ಲಿ ‘ಕುಡ್’ ಭೂತಕಾಲವಲ್ಲ. ಅದು ಆಜ್ಞೆಯನ್ನು ಕೋರಿಕೆಯಾಗಿಸಿ, ಎದುರಿನವರಿಗೆ ‘ಆಗದು’ ಎನ್ನಲೂ ಅವಕಾಶ ಬಿಡುತ್ತದೆ. ‘ಡು ಯು ಹ್ಯಾವ್ ದ ಟೈಮ್?’ ಎಂದೂ ಕೇಳಬಹುದು. ಆದರೆ ‘ದ’ ಬಿಟ್ಟರೆ ‘ನಿಮಗೆ ಬಿಡುವಿದೆಯೇ?’ ಎಂದು ಅರ್ಥವಾಗುತ್ತದೆ.

ಇನ್ನು ಉತ್ತರ. ಅದು ‘ಇಟ್ಸ್’ ಎಂದು ಆರಂಭವಾಗುತ್ತದೆ. ‘ಓ ಕ್ಲಾಕ್’ ಪೂರ್ಣ ಗಂಟೆಗೆ ಮಾತ್ರ. 9.15 ‘ಕ್ವಾರ್ಟರ್ ಪಾಸ್ಟ್ ನೈನ್’, 9.30 ‘ಹಾಫ್ ಪಾಸ್ಟ್ ನೈನ್’. ಮಕ್ಕಳು ಎಡವುವುದು 9.45ರಲ್ಲಿ. ‘ಕ್ವಾರ್ಟರ್ ಟು ಟೆನ್’ ಎಂದಾಗ ಹಲವರು 10.15 ಎಂದು ಬರೆದರು. ಕಾರಣ ಸ್ಪಷ್ಟ: ‘ಒಂಬತ್ತೂ ಮುಕ್ಕಾಲು’ ಎಂಬುದು ಒಂಬತ್ತಕ್ಕೆ ಕೂಡಿಸುತ್ತದೆ, ಇಂಗ್ಲಿಷ್ ಹತ್ತರಿಂದ ಕಳೆಯುತ್ತದೆ.

ಇದಕ್ಕೆ ಸೇತುವೆ ಸಿಕ್ಕಿದ್ದು ಎರಡನೆಯ ಹಂತದ ಬೋಧನಾಭ್ಯಾಸದಲ್ಲಿ, ಹುಮನಾಬಾದ್‌ನ ಶಾಲೆಯೊಂದರಲ್ಲಿ. ರಟ್ಟಿನ ಗಡಿಯಾರ ಹಿಡಿದು ತರಗತಿಯನ್ನೇ ಬಸ್ ನಿಲ್ದಾಣ ಮಾಡಿಕೊಂಡೆವು. ‘ಬಸ್ ಕ್ವಾರ್ಟರ್ ಟು ಟೆನ್‌ಗೆ ಹೊರಡುತ್ತದೆ’ ಎಂದೆ. ಒಬ್ಬ ಮುಳ್ಳನ್ನು 10.15ಕ್ಕೆ ಇಟ್ಟ. ಉರ್ದು ಮಾತಾಡುವ ಮನೆಯ ಹುಡುಗಿಯೊಬ್ಬಳು, ‘ಅದು ಪೌನೆ ದಸ್. ಅರ್ಧ ಗಂಟೆ ಹಿಂದೆಯೇ ಬಸ್ ಹೋಯಿತು!’ ಎಂದಳು. ಮರಾಠಿಯ ‘ಪಾವಣೆ ದಹಾ’ ಕೂಡ ಅದೇ ಲೆಕ್ಕ: ಹತ್ತಕ್ಕೆ ಕಾಲು ಗಂಟೆ ಕಡಿಮೆ. ಗಡಿಭಾಗದ ನಮ್ಮ ತರಗತಿಗಳಲ್ಲಿ ಈ ಎರಡೂ ಮಾತುಗಳು ಮಕ್ಕಳ ಬಾಯಲ್ಲೇ ಇವೆ. ಬೇರೆ ಬೋಧನೋಪಕರಣ ಹುಡುಕುವ ಅಗತ್ಯವಿರಲಿಲ್ಲ.

ಜೋಡಿ ಚಟುವಟಿಕೆಯಲ್ಲಿ ಕೇಳುವವರಷ್ಟೇ ಹೇಳುವವರಿಗೂ ಅಭ್ಯಾಸ ಬೇಕು. ಗಡಿಯಾರ ಇಲ್ಲದವರು ಸುಮ್ಮನೆ ‘ನೋ’ ಎನ್ನದೆ ‘ಸಾರಿ, ಐ ಡೋಂಟ್ ಹ್ಯಾವ್ ಎ ವಾಚ್’ ಎನ್ನಲಿ. ಕೇಳಿದವರು ಆಗಲೂ ‘ಥ್ಯಾಂಕ್ ಯು’ ಹೇಳಲಿ.

ನನ್ನ ಪಾಠಯೋಜನೆಗೆ ಈಗ ಒಂದು ಹಂತ ಸೇರಿದೆ. ಮಗುವಿನ ಇಂಗ್ಲಿಷ್ ವಾಕ್ಯ ಒರಟಾಗಿ ಕೇಳಿಸಿದರೆ, ತಿದ್ದುವ ಮೊದಲು ‘ಇದನ್ನೇ ಮನೆಯ ಭಾಷೆಯಲ್ಲಿ ಹೇಗೆ ಕೇಳುತ್ತೀ?’ ಎನ್ನುತ್ತೇನೆ. ಹೆಚ್ಚಿನ ಸಲ ವಿನಯ ಅಲ್ಲಿ ಇದ್ದೇ ಇರುತ್ತದೆ. ಅದನ್ನು ಇಂಗ್ಲಿಷ್‌ನಲ್ಲಿ ಎಲ್ಲಿ ಇಡಬೇಕು ಎಂಬುದಷ್ಟನ್ನೇ ನಾವು ಕಲಿಸಬೇಕು.