ಚಾನಲ್ ಏರಿ, ಬಂಡಿ ಜಾಡು, ಗುಡ್ಡದ ಬುಡ

ಡಾಂಬರು ಕಾಣದ, ಲಾರಿ ಬಸ್ಸುಗಳು ಹಾಯದ ಗರಸಿನ ದಾರಿಗಳಲ್ಲಿ ದೂರದೂರಕ್ಕೆ ಸೈಕಲ್ ತುಳಿಯುವುದನ್ನು ಈಗ ಗ್ರಾವೆಲ್ ಸೈಕ್ಲಿಂಗ್ ಎಂದು ಕರೆಯುತ್ತಾರೆ. ನುಣುಪಾದ ರಸ್ತೆಯ ಮೇಲೆ ವೇಗವಾಗಿ ಓಡಿಸುವ ರೇಸಿಗೂ ಬಂಡೆಗಳ ಮೇಲಿಂದ ಇಳಿಸುವ ಮೌಂಟನ್ ಬೈಕಿಂಗಿಗೂ ನಡುವೆ ಇದರ ಜಾಗ. ಅಮೆರಿಕದ ಕನ್ಸಾಸ್ ರಾಜ್ಯದ ಎಂಪೋರಿಯಾ ಪಟ್ಟಣದಲ್ಲಿ 2006ರಲ್ಲಿ ಶುರುವಾಗಿ ಈಗ ಅನ್‌ಬೌಂಡ್ ಎಂಬ ಹೆಸರಿನಲ್ಲಿ ನಡೆಯುವ 200 ಮೈಲಿಯ ಸ್ಪರ್ಧೆಯಿಂದ ಈ ಕ್ರೀಡೆ ಹೆಸರಾಯಿತು. 2022ರಲ್ಲಿ ಇಟಲಿಯ ವೆನೆಟೊ ಪ್ರಾಂತದಲ್ಲಿ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಆದರೆ ಸ್ಪರ್ಧೆ ಇದರ ಒಂದು ಸಣ್ಣ ಭಾಗ ಮಾತ್ರ. ಬಹುಪಾಲು ಜನ ಇದನ್ನು ಹಿಡಿಯುವುದು ಹಾರ್ನ್ ಕೇಳದ, ಹಿಂದಿನಿಂದ ಯಾವುದೂ ನುಗ್ಗಿಬರದ ದಾರಿಯೊಂದು ಬೇಕೆಂದು.

ದಾವಣಗೆರೆಯಲ್ಲಿ ಈ ಬೇಡಿಕೆಗೆ ತಕ್ಕ ಕಾರಣವಿದೆ. ನಗರದಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಸೈಕಲ್ಲಿಗೆ ಒಂದು ಗಂಟೆಯೂ ಬೇಡ. ಆದರೆ ಬೆಂಗಳೂರು–ಪುಣೆ ನಡುವಿನ ರಾಷ್ಟ್ರೀಯ ಹೆದ್ದಾರಿ 48 ಈ ಎರಡೂ ಊರುಗಳ ಮಗ್ಗುಲಲ್ಲೇ ಹಾಯುತ್ತದೆ. ಹಗಲು ರಾತ್ರಿ ಲಾರಿ ಓಡುವ ಆ ರಸ್ತೆ ಸೈಕಲ್ ಸವಾರರಿಗೆ ಹೇಳಿದ್ದಲ್ಲ. ಹೆದ್ದಾರಿ ಬಿಟ್ಟು ಗದ್ದೆ ಬಯಲಿಗೆ ಇಳಿದರೆ ಚಿತ್ರವೇ ಬೇರೆ. ಅಲ್ಲಿ ನಾಲೆಯ ಏರಿಗಳಿವೆ, ಬಂಡಿ ದಾರಿಗಳಿವೆ, ಗುಡ್ಡದ ಬುಡದ ಜಾಡುಗಳಿವೆ. ಇವನ್ನು ಯಾರೂ ಸೈಕಲ್ಲಿಗೆಂದು ಮಾಡಲಿಲ್ಲ. ಪ್ರತಿಯೊಂದಕ್ಕೂ ಅದರದೇ ಕೆಲಸವಿದೆ; ಆ ಕೆಲಸ ತಿಳಿದವರಿಗೆ ದಾರಿಯ ಗುಣವೂ ತಿಳಿಯುತ್ತದೆ.

ಇವುಗಳಲ್ಲಿ ಎಲ್ಲಕ್ಕಿಂತ ಮೇಲಾದದ್ದು ಭದ್ರಾ ನಾಲೆಯ ಏರಿ. ಜನರ ಬಾಯಲ್ಲಿ ಅದು ಚಾನಲ್ ದಾರಿ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿದ ಜಲಾಶಯದಿಂದ ಹೊರಡುವ ಬಲದಂಡೆ ನಾಲೆ ಚನ್ನಗಿರಿ ಸೀಮೆಯನ್ನು ಹಾದು ಬಂದು, ಮಲೇಬೆನ್ನೂರು, ದಾವಣಗೆರೆ ಮುಂತಾದ ಶಾಖಾ ನಾಲೆಗಳಾಗಿ ಒಡೆಯುತ್ತದೆ. ಅವುಗಳಿಂದ ಉಪನಾಲೆಗಳು, ಉಪನಾಲೆಗಳಿಂದ ತೂಬುಗಳು, ತೂಬುಗಳಿಂದ ಹೊಲಗಾಲುವೆಗಳು. ಎಂಜಿನಿಯರರ ಜೀಪು ಓಡಾಡಲು, ನೀರು ಬಿಡುವ ಸೌಡಿಗಳು ಸುತ್ತಲು ದೊಡ್ಡ ನಾಲೆಗಳ ಪಕ್ಕದಲ್ಲಿ ಗರಸು ಹಾಕಿದ ದಾರಿ ಇರುತ್ತದೆ. ಗದ್ದೆಗೆ ಹೋಗುವ ರೈತರೂ ಅದನ್ನೇ ಬಳಸುತ್ತಾರೆ.

ನೀರು ತಾನಾಗಿಯೇ ಹರಿಯಬೇಕಾದ್ದರಿಂದ ನಾಲೆ ನೇರವಾಗಿ ಸಾಗುವುದಿಲ್ಲ. ದಿಣ್ಣೆ ಬಂದರೆ ಅದರ ಸೊಂಟವನ್ನು ಬಳಸಿಕೊಂಡು, ತಗ್ಗು ಬಂದರೆ ಒಳಗೆ ಸುತ್ತಿ ಹೊರಗೆ ಬಂದು, ಒಂದೇ ಎತ್ತರವನ್ನು ಹಿಡಿದು ಹೋಗುತ್ತದೆ. ಅದರ ಇಳಿಜಾರು ಕಣ್ಣಿಗೆ ಕಾಣದಷ್ಟು ಸಣ್ಣದು. ಹೀಗಾಗಿ ಏರುಪೇರಿನ ಸೀಮೆಯಲ್ಲೂ ನಾಲೆಯ ದಾರಿಯಲ್ಲಿ ಏರು ಹತ್ತುವ ಕಷ್ಟವಿಲ್ಲ. ಹೊಸದಾಗಿ ಸೈಕಲ್ ಹಿಡಿದವರೂ, ವಯಸ್ಸಾದವರೂ ಸುಸ್ತಾಗದೆ ಹತ್ತಾರು ಕಿಲೋಮೀಟರ್ ಸಾಗಬಹುದು. ಹಳ್ಳ ಅಡ್ಡ ಬಂದಲ್ಲಿ ಮಾತ್ರ ನಾಲೆ ಮೇಲ್ಗಾಲುವೆಯ ಮೇಲೆ ದಾಟಿಹೋಗುತ್ತದೆ, ದಾರಿ ಕೆಳಗಿಳಿದು ಮತ್ತೆ ಹತ್ತುತ್ತದೆ. ಈ ದಾರಿಯಲ್ಲಿ ಸೀಮೆಯ ಬೇಸಾಯವೂ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತದೆ. ನಾಲೆಯ ಕೆಳಮಗ್ಗುಲಲ್ಲಿ ನೀರು ನಿಂತ ಭತ್ತದ ಗದ್ದೆ, ಅಡಿಕೆ ಮತ್ತು ತೆಂಗಿನ ತೋಟ. ಮೇಲ್ಮಗ್ಗುಲಲ್ಲಿ ಮಳೆಯನ್ನೇ ನಂಬಿದ ಮೆಕ್ಕೆಜೋಳ. ಹತ್ತಡಿ ದಾರಿಯ ಎರಡು ಬದಿಗಳಲ್ಲಿ ಎರಡು ಬಗೆಯ ಬದುಕು ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಬೇರೆ ಸಿಗುವುದು ಕಷ್ಟ.

ನಾಲೆಯ ದಾರಿ ಸುಲಭವೆಂದು ಮೈಮರೆಯುವಂತಿಲ್ಲ. ಬಹುಕಡೆ ಅಂಚಿಗೆ ತಡೆಗೋಡೆ ಇಲ್ಲ. ಸಿಮೆಂಟ್ ಹಾಕಿದ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ತುಂಬಿ ಹರಿಯುವ ನಾಲೆಗೆ ಬಿದ್ದವರಿಗೆ, ಈಜು ಬಂದರೂ, ಹತ್ತಿ ಬರುವುದು ದುಸ್ತರ. ಕತ್ತಲಾದ ಮೇಲೆ ಅಲ್ಲಿ ಹೋಗಬಾರದು. ಮಕ್ಕಳನ್ನು ಕರೆದೊಯ್ಯುವವರು ಅವರನ್ನು ಗದ್ದೆಯ ಕಡೆಗೆ ಬಿಟ್ಟು ತಾವು ನೀರಿನ ಕಡೆ ಇರಬೇಕು. ಕೊಯ್ಲಿನ ಕಾಲದಲ್ಲಿ ಭತ್ತ ಕೊಯ್ಯುವ ಯಂತ್ರಗಳೂ ಟ್ರ್ಯಾಕ್ಟರುಗಳೂ ಇದೇ ದಾರಿಯಲ್ಲಿ ಬರುತ್ತವೆ. ಆಗ ಬದಿಗೆ ಇಳಿದು ನಿಲ್ಲಬೇಕಾದವರು ಸೈಕಲ್ಲಿನವರೇ, ಏಕೆಂದರೆ ದಾರಿ ಇರುವುದು ಬೇಸಾಯಕ್ಕಾಗಿ.

ಬಂಡಿ ದಾರಿಗಳು ನಾಲೆಗಿಂತ ಎಷ್ಟೋ ಹಳೆಯವು. ಊರಿಂದ ಊರಿಗೆ, ಊರಿಂದ ಹೊಲಕ್ಕೆ ಎತ್ತಿನ ಬಂಡಿ ಹೋಗುತ್ತಿದ್ದ ಈ ದಾರಿಗಳು ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ದಾಖಲಾಗಿವೆ. ಅದಕ್ಕೇ ರೈತರು ಅವನ್ನು ನಕಾಶೆ ದಾರಿ ಎನ್ನುತ್ತಾರೆ. ನಕಾಶೆಯಲ್ಲಿ ಇದ್ದದ್ದು ಸಾರ್ವಜನಿಕರದ್ದು. ಇಲ್ಲದ್ದು ಯಾರದೋ ಹೊಲದ ಬದು, ಅಲ್ಲಿ ಕೇಳಿ ಹೋಗಬೇಕು.

ಗುಡ್ಡ ಮತ್ತು ಕಾಡು ಬೇಕೆನ್ನುವವರಿಗೆ ಹತ್ತಿರದ್ದು ಕೊಂಡಜ್ಜಿ. ಹರಿಹರ ತಾಲ್ಲೂಕಿಗೆ ಸೇರಿದ ಈ ಊರಿನಲ್ಲಿ ಕೆರೆಯೂ, ಅದನ್ನು ಒತ್ತಿಕೊಂಡ ಕುರುಚಲು ಕಾಡಿನ ಗುಡ್ಡಸಾಲೂ, ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವೂ ಇವೆ. ಮಲೆನಾಡಿನ ದಟ್ಟ ಕಾಡು ಇದಲ್ಲ. ದಿಂಡಿಗ, ಕಮರದಂಥ ಒಣಸೀಮೆಯ ಮರಗಳು ಮುಂಗಾರಿನ ನಂತರ ಕೆಲವು ತಿಂಗಳು ಹಸಿರಾಗಿದ್ದು, ಬೇಸಿಗೆಗೆ ಎಲೆ ಉದುರಿಸಿ ಬರಿದಾಗುತ್ತವೆ. ದಾವಣಗೆರೆ, ಹರಿಹರ ಎರಡೂ ಊರುಗಳಿಂದ ಬೆಳಿಗ್ಗೆ ಹೊರಟು ಬಿಸಿಲೇರುವ ಮೊದಲು ಮನೆ ಸೇರುವಷ್ಟು ದೂರದಲ್ಲಿರುವುದು ಇದರ ದೊಡ್ಡ ಅನುಕೂಲ.

ಇಡೀ ದಿನ ಕೊಡಬಲ್ಲವರಿಗೆ ಸೂಳೆಕೆರೆ, ಅಂದರೆ ಶಾಂತಿಸಾಗರ, ಈ ಸೀಮೆಯ ಅತ್ಯುತ್ತಮ ಗುರಿ. ಚನ್ನಗಿರಿ ತಾಲ್ಲೂಕಿನ ಈ ಕೆರೆ ಏಷ್ಯಾದ ದೊಡ್ಡ ಮಾನವ ನಿರ್ಮಿತ ಕೆರೆಗಳ ಸಾಲಿಗೆ ಸೇರಿದ್ದು. ಶಾಂತವ್ವ ಎಂಬಾಕೆ ಕಟ್ಟಿಸಿದಳೆಂಬ ಐತಿಹ್ಯವಿದೆ. ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಅಡ್ಡಲಾಗಿ ಏರಿ ಹಾಕಿದ್ದರಿಂದ ಇಷ್ಟು ದೊಡ್ಡ ಕೆರೆಗೆ ಉದ್ದನೆಯ ಏರಿಯೇ ಬೇಕಾಗಲಿಲ್ಲ. ಶತಮಾನಗಳ ಹಿಂದೆ ಆ ಜಾಗವನ್ನು ಆರಿಸಿದವರ ಕಣ್ಣು ಮೆಚ್ಚತಕ್ಕದ್ದು. ಕೆರೆಯಿಂದ ಹೊರಡುವ ಹರಿದ್ರಾ ಹೊಳೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹೀಗಾಗಿ ಹರಿಹರದಿಂದ ಹೊಳೆಯ ಬಯಲನ್ನು ಹಿಡಿದು ದೇವರಬೆಳಕೆರೆಯ ಪಿಕಪ್ ಅಣೆಕಟ್ಟು ನೋಡಿಕೊಂಡು, ನಾಲೆ ಮತ್ತು ಬಂಡಿ ದಾರಿಗಳನ್ನು ಕೂಡಿಸಿಕೊಳ್ಳುತ್ತ ಕೆರೆಯವರೆಗೆ ಹೋಗುವುದು, ನೀರಿನ ದಾರಿಯನ್ನು ಹಿಮ್ಮುಖವಾಗಿ ಓದಿದ ಹಾಗೆ.

ಸೈಕಲ್ಲಿನ ವಿಷಯದಲ್ಲಿ ಜನರಿಗೆ ಒಂದು ತಪ್ಪು ಕಲ್ಪನೆ ಇದೆ: ಗ್ರಾವೆಲ್ ಬೈಕ್ ಎಂದರೆ ಲಕ್ಷ ರೂಪಾಯಿಯ ವಿದೇಶಿ ಸಾಮಾನು ಎಂದು. ಅದರ ಲಕ್ಷಣಗಳು ಇಷ್ಟೇ: 35ರಿಂದ 50 ಮಿಲಿಮೀಟರ್ ಅಗಲದ ಟೈರು, ಗರಸಿನ ಮೇಲೂ ಹಿಡಿತ ತಪ್ಪದ ಡಿಸ್ಕ್ ಬ್ರೇಕು, ಏರು ಹತ್ತಲು ಹಗುರವಾದ ಗೇರು, ಕುಲುಕಾಟದಲ್ಲೂ ನೇರ ಓಡುವ ಉದ್ದನೆಯ ಫ್ರೇಮು. ಹಾಲಿನ ಕ್ಯಾನು, ಜೋಳದ ಮೂಟೆ ಹೊತ್ತು ಇದೇ ದಾರಿಗಳಲ್ಲಿ ಓಡಾಡಿದ ಅಟ್ಲಾಸ್, ಹೀರೋ ಸೈಕಲ್ಲುಗಳಿಗೆ ಇದ್ದದ್ದು 28 ಇಂಚಿನ, ಒಂದೂವರೆ ಇಂಚು ಅಗಲದ ಟೈರು. ಒಂದೂವರೆ ಇಂಚೆಂದರೆ ಸುಮಾರು 38 ಮಿಲಿಮೀಟರ್, ಹೆಚ್ಚುಕಡಿಮೆ ಇಂದಿನ ಗ್ರಾವೆಲ್ ಟೈರಿನಷ್ಟೇ. ಅವುಗಳ ಫ್ರೇಮನ್ನೂ ಕೆಟ್ಟ ರಸ್ತೆಗೆಂದೇ ರೂಪಿಸಿದ್ದರು. ಕೊರತೆ ಇದ್ದದ್ದು ಗೇರು ಮತ್ತು ಬ್ರೇಕಿನಲ್ಲಿ. ಆದ್ದರಿಂದ ನಾಲೆಯ ಸಮತಟ್ಟು ದಾರಿಗೆ ಮನೆಯ ಹಳೆಯ ಸೈಕಲ್ಲೇ ಸಾಕು. ಗುಡ್ಡದ ಇಳಿಜಾರಿಗೆ ಮಾತ್ರ ಒಳ್ಳೆಯ ಬ್ರೇಕಿರುವ ಗೇರ್ ಸೈಕಲ್ ಬೇಕು. ಗರಸಿನ ಮೇಲೆ ಗಾಳಿ ತುಸು ಕಡಿಮೆ ಇರಬೇಕು. 40 ಮಿಲಿಮೀಟರ್ ಟ್ಯೂಬ್‌ಲೆಸ್ ಟೈರಿಗೆ, ಸವಾರರ ತೂಕ ನೋಡಿಕೊಂಡು, 30ರಿಂದ 40 ಪಿಎಸ್‌ಐ ಸಾಕಾಗುತ್ತದೆ. ಗಾಳಿ ಬಿಗಿಯಾದಷ್ಟೂ ಚಕ್ರ ಪುಟಿದು ಹಿಡಿತ ಬಿಡುತ್ತದೆ.

ಇಲ್ಲಿ ಟೈರಿಗೆ ದೊಡ್ಡ ಶತ್ರು ಕಲ್ಲಲ್ಲ, ಮುಳ್ಳು. ನಾಲೆಯ ಬದಿಯಲ್ಲೂ ಕೆರೆಯಂಗಳದಲ್ಲೂ ಬಳ್ಳಾರಿ ಜಾಲಿ ಹಬ್ಬಿದೆ. ಕಡಿದ ಕೊಂಬೆಗಳನ್ನು ದಾರಿಯ ಮೇಲೆ ಎಳೆದೊಯ್ದರೆ ಮುಳ್ಳು ಉದುರಿರುತ್ತದೆ. ನೆಲಕ್ಕಂಟಿ ಹರಡುವ ನೆಗ್ಗಿಲಿನ ಕಾಯಿ ಇನ್ನೂ ಕೆಟ್ಟದ್ದು, ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿರುತ್ತದೆ. ಟ್ಯೂಬ್‌ಲೆಸ್ ಟೈರಿಗೆ ಸೀಲೆಂಟ್ ದ್ರವ ಹಾಕಿದರೆ ಸಣ್ಣ ತೂತು ತಾನೇ ಮುಚ್ಚುತ್ತದೆ. ಟ್ಯೂಬಿನ ಸೈಕಲ್ಲಿನವರು ಪಂಪು, ಪ್ಯಾಚು, ಇನ್ನೊಂದು ಟ್ಯೂಬು ಇಲ್ಲದೆ ಹೊರಡಬಾರದು.

ಯಾವಾಗ ಹೋಗಬೇಕೆಂಬುದನ್ನು ಮಣ್ಣು ನಿರ್ಧರಿಸುತ್ತದೆ. ಕೆಂಪು ಗರಸು ಮಳೆ ನಿಂತ ಸ್ವಲ್ಪ ಹೊತ್ತಿನಲ್ಲೇ ನೀರು ಬಸಿದು ಗಟ್ಟಿಯಾಗುತ್ತದೆ. ಎರೆ ನೆಲ ಹಾಗಲ್ಲ. ಒಂದು ಹದ ಮಳೆಗೆ ಅಂಟಾಗಿ ಚಕ್ರಕ್ಕೆ ಮೆತ್ತಿ, ಫೋರ್ಕಿನ ಸಂದಿಯಲ್ಲಿ ತುಂಬಿ ಸೈಕಲ್ಲನ್ನೇ ನಿಲ್ಲಿಸಿಬಿಡುತ್ತದೆ. ಹಸಿ ಎರೆಯಲ್ಲಿ ತುಳಿದರೆ ದಾರಿಯೂ ಹಾಳು, ಗೇರೂ ಹಾಳು. ಆಷಾಢದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಆ ದಿನಗಳಲ್ಲಿ ದಾವಣಗೆರೆಯವರು ಹರಿಹರದ ಕಡೆಗೆ ಮೊದಲು ಹೋಗಿ, ದಣಿದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮರಳುವುದು ಜಾಣತನ. ನವೆಂಬರಿನಿಂದ ಫೆಬ್ರುವರಿವರೆಗಿನ ಕಾಲ ಎಲ್ಲಕ್ಕಿಂತ ಹಿತ. ಮಾರ್ಚ್ ನಂತರ ಬೆಳಗಿನ ಒಂಬತ್ತರೊಳಗೆ ಮುಗಿಸಬೇಕು. ನಾಲೆಯ ನೀರು ಕುಡಿಯುವ ನೀರಲ್ಲವಾದ್ದರಿಂದ ಕುಡಿಯುವುದನ್ನು ಹೊತ್ತೇ ಹೋಗಬೇಕು.

ಕಾಡಿನ ಒಳಗಿನ ದಾರಿಗಳಿಗೆ ನಿಯಮವೇ ಬೇರೆ. ಮೀಸಲು ಅರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಾಗಿ ಘೋಷಣೆಯಾದ ವನ್ಯಜೀವಿಧಾಮ. ನಾಲ್ಕು ಕೊಂಬಿನ ಈ ಪುಟ್ಟ ಹುಲ್ಲೆ ಭಾರತ ಮತ್ತು ನೇಪಾಳ ಬಿಟ್ಟು ಬೇರೆಲ್ಲೂ ಇಲ್ಲ, ಮನುಷ್ಯರ ಸದ್ದಿಗೆ ಬೇಗ ಬೆದರುವ ಪ್ರಾಣಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಲ್ಲಿ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಸೈಕಲ್ ಸವಾರರು ಹೊರಗಿನ ಹಳ್ಳಿ ದಾರಿಗಳಲ್ಲೇ ಉಳಿಯುವುದು ಸರಿ. ಜಿಲ್ಲೆಯ ಗುಡ್ಡಗಳಲ್ಲಿ ಚಿರತೆ, ಕರಡಿಗಳಿವೆ; ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಕಡೆಗೆ ಆನೆಗಳೂ ಬಂದದ್ದುಂಟು. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಗುಡ್ಡದ ಬುಡದ ದಾರಿ ಬೇಡ. ಒಬ್ಬರೇ ಹೋಗದೆ ಜೊತೆಯಲ್ಲಿ ಹೋಗಬೇಕು, ಹೊರಡುವ ಮೊದಲು ಹತ್ತಿರದ ಊರಿನ ಕುರಿಗಾಹಿಗಳನ್ನು ವಿಚಾರಿಸಬೇಕು. ಆ ವಾರ ಯಾವ ಗುಡ್ಡದಲ್ಲಿ ಏನು ಕಂಡಿತೆಂಬುದು ಅವರಿಗೆ ಗೊತ್ತಿರುತ್ತದೆ.