ನಿಮಗಿದು ಗೊತ್ತೇ? ಗಾಂಧಿ ಚೌಕದ ಇಲಿಗೂ ಇದೆ ಊರಿನ ನಕಾಶೆ!

ವಿಜಯಪುರದಲ್ಲಿ ಯಾರನ್ನು ದಾರಿ ಕೇಳಿದರೂ ಉತ್ತರ ಬಹುಮಟ್ಟಿಗೆ ಒಂದೇ ಕಡೆಯಿಂದ ಶುರುವಾಗುತ್ತದೆ: “ಮದ್ಲ ಗಾಂಧಿ ಚೌಕಕ್ಕ ಹೋಗ್ರಿ, ಅಲ್ಲಿಂದ ಎಡಕ್ಕ ಹೊಳ್ರಿ.” ಹೀಗೆ ಹೇಳುವ ಹೊತ್ತಿಗೆ ಅವರ ಮಿದುಳಿನಲ್ಲಿ ದುಡಿಯುವ ಮುಖ್ಯ ಭಾಗದ ಹೆಸರು ಹಿಪ್ಪೊಕ್ಯಾಂಪಸ್. ಎಡಕ್ಕೊಂದು, ಬಲಕ್ಕೊಂದು. ಅಂಗಡಿಗಳ ಶಟರ್ ಇಳಿದ ಮೇಲೆ ಚೌಕದ ಗಟಾರದಿಂದ ಹೊರಬೀಳುವ ಇಲಿಗೂ ಅದೇ ಭಾಗ ಇದೆ, ಅದೇ ಕೆಲಸ ಮಾಡುತ್ತದೆ. ಮಿದುಳು ದಾರಿಯನ್ನು ಹೇಗೆ ನೆನಪಿಡುತ್ತದೆ ಎಂಬುದರಲ್ಲಿ ನಮಗೆ ತಿಳಿದಿರುವ ಬಹುಪಾಲು ಇಲಿಗಳೇ ಕಲಿಸಿದ್ದು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜಾನ್ ಓಕೀಫ್ ಮತ್ತು ಜೊನಾಥನ್ ಡೊಸ್ಟ್ರೊವ್‌ಸ್ಕಿ ಇಲಿಯ ಹಿಪ್ಪೊಕ್ಯಾಂಪಸ್ಸಿಗೆ ತೀರಾ ಸಣ್ಣ ತಂತಿ ಇಳಿಸಿ, ಇಲಿಯನ್ನು ಅದರ ಪಾಡಿಗೆ ಓಡಾಡಲು ಬಿಟ್ಟರು. ಒಂದು ನರಕೋಶ ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಪಟಪಟ ಮಿಡಿಯುತ್ತಿತ್ತು. ಅಲ್ಲಿಂದ ಸರಿದರೆ ಗಪ್‌ಚಿಪ್. 1971ರಲ್ಲಿ ಬೆಳಕಿಗೆ ಬಂದ ಈ ಕೋಶಗಳೇ ಪ್ಲೇಸ್ ಸೆಲ್‌ಗಳು.

ಚೌಕದ ಇಲಿಗೆ ಯಾರೂ ಇನ್ನೂ ತಂತಿ ಇಳಿಸಿಲ್ಲ. ಇಳಿಸಿದರೆ ಏನು ಕಂಡೀತು? ಕಿರಾಣಿ ಅಂಗಡಿಯ ಮೆಟ್ಟಿಲಿನ ಬುಡದಲ್ಲಿ ಒಂದು ಕೋಶ ಮಿಡಿದೀತು, ಬಾಳೆಹಣ್ಣಿನ ಬಂಡಿಯ ಅಡಿಗೆ ಬಂದಾಗ ಇನ್ನೊಂದು, ಗಟಾರದ ಬಾಯಲ್ಲಿ ಮತ್ತೊಂದು. ಮಿದುಳಿನಲ್ಲಿ ಅಕ್ಕಪಕ್ಕ ಇರುವ ಕೋಶಗಳು ಊರಿನಲ್ಲಿಯೂ ಅಕ್ಕಪಕ್ಕದ ಜಾಗಗಳನ್ನೇ ಕಾಯಬೇಕೆಂದೇನೂ ಇಲ್ಲ. ಅದೇ ಇಲಿ ಟೆಂಪೊ ಹತ್ತಿ ತಿಕೋಟಾದ ಒಣದ್ರಾಕ್ಷಿ ಗೋದಾಮಿನಲ್ಲಿ ಇಳಿದರೆ, ಮೆಟ್ಟಿಲಿನ ಕೋಶ ಅಲ್ಲಿ ಬೇರೆ ಯಾವುದೋ ಮೂಲೆಗೆ ಮಿಡಿಯಬಹುದು, ಇಲ್ಲವೇ ಸುಮ್ಮನಿದ್ದುಬಿಡಬಹುದು. ಜಾಗ ಬದಲಾದರೆ ಕೋಶಗಳ ಡ್ಯೂಟಿಯೂ ಬದಲು. ವಿಜ್ಞಾನಿಗಳು ಇದನ್ನು ರಿಮ್ಯಾಪಿಂಗ್ ಎನ್ನುತ್ತಾರೆ.

ಹಿಪ್ಪೊಕ್ಯಾಂಪಸ್ಸಿನ ನೆರೆಮನೆ ಎಂಟೊರೈನಲ್ ಕಾರ್ಟೆಕ್ಸ್. ನಾರ್ವೆಯ ಟ್ರೊಂಡ್‌ಹೈಮ್‌ನಲ್ಲಿ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಅವರ ತಂಡ 2005ರಲ್ಲಿ ಇಲ್ಲಿ ಇನ್ನೂ ವಿಚಿತ್ರವಾದದ್ದನ್ನು ಕಂಡಿತು. ಇಲ್ಲಿಯ ಒಂದೊಂದು ಕೋಶವೂ ಹಲವು ಜಾಗಗಳಲ್ಲಿ ಮಿಡಿಯುತ್ತದೆ. ಆ ಜಾಗಗಳಿಗೆ ಚುಕ್ಕಿ ಇಟ್ಟು ಗೆರೆ ಎಳೆದರೆ ಸಮಬಾಹು ತ್ರಿಕೋನಗಳ ಜಾಲ, ಸುತ್ತ ಆರು ಮೂಲೆ, ನಮ್ಮ ಅಂಗಳದ ಚುಕ್ಕಿ ರಂಗೋಲಿಯ ಹಾಗೆ! ನೆಲದ ಮೇಲೆ ಇಂಥ ಗುರುತು ಒಂದೂ ಇಲ್ಲ, ಅಳತೆಯೆಲ್ಲ ಮಿದುಳಿನದೇ. ದೀಪ ಆರಿಸಿದರೂ ಈ ಗ್ರಿಡ್ ಸೆಲ್‌ಗಳು ಮಿಡಿಯುತ್ತಲೇ ಇದ್ದವು. 2014ರ ವೈದ್ಯಕೀಯ ನೊಬೆಲ್‌ನಲ್ಲಿ ಅರ್ಧ ಪಾಲು ಓಕೀಫ್‌ಗೆ, ಉಳಿದರ್ಧ ಮೋಸರ್ ದಂಪತಿಗೆ.

ದಿಕ್ಕಿಗೂ ಪ್ರತ್ಯೇಕ ಕೋಶಗಳಿವೆ. ಅಮೆರಿಕದ ಜೇಮ್ಸ್ ರ‍್ಯಾಂಕ್ 1984ರಲ್ಲಿ ತೋರಿಸಿದ್ದು ಇದನ್ನು: ಇಲಿ ಎಲ್ಲಿಯೇ ನಿಂತಿರಲಿ, ತಲೆ ಒಂದು ದಿಕ್ಕಿಗೆ ತಿರುಗಿದಾಗ ಮಾತ್ರ ಅವು ಮಿಡಿಯುತ್ತವೆ.

ಆದರೆ ಈ ಕೋಶಗಳಿಗೆ ಉತ್ತರ ದಿಕ್ಕು ಯಾವುದು ಎಂದು ಹೇಳುವವರು ಯಾರು? ಕಣ್ಣಿಗೆ ಬೀಳುವ ಗುರುತುಗಳು. ರಾಬರ್ಟ್ ಮುಲ್ಲರ್ ಮತ್ತು ಜಾನ್ ಕೂಬಿ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದುಂಡನೆಯ ಬೂದು ಬಣ್ಣದ ಆವರಣದ ಗೋಡೆಗೆ ಒಂದು ಬಿಳಿ ಹಾಳೆ ಅಂಟಿಸಿದ್ದರು. ಹಾಳೆಯನ್ನು ಕಾಲು ಸುತ್ತು ಸರಿಸಿದರೆ ಪ್ಲೇಸ್ ಸೆಲ್‌ಗಳ ಜಾಗಗಳೂ ಕಾಲು ಸುತ್ತು ಸರಿಯುತ್ತಿದ್ದವು. ನಮ್ಮೂರಿನ ಮಟ್ಟಿಗೆ ಆ ಬಿಳಿ ಹಾಳೆ ಗೋಲಗುಮ್ಮಟವೇ. ತಮಾಷೆ ಎಂದರೆ, ಹೊರಗೆ ನಿಂತವರಿಗೆ ದಿಕ್ಕು ತೋರಿಸುವ ಆ ಗುಮ್ಮಟದ ಒಳಗೆ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಸುತ್ತು ಹಾಕಿದವರು “ಯಾವ ಬಾಗಲಾ ಹಿಡದು ಬಂದ್ವಿ?” ಎಂದು ಕೇಳುವುದುಂಟು. ಸುತ್ತ ದುಂಡು, ಬಾಗಿಲುಗಳೆಲ್ಲ ಒಂದೇ ಥರ. ಮಿದುಳಿಗೆ ಹಿಡಿದುಕೊಳ್ಳಲು ಮೂಲೆಯೇ ಇಲ್ಲ.

ಮೂಲೆ ಇದ್ದರೂ ಇಲಿ ಮೋಸ ಹೋಗುತ್ತದೆ. ಕೆನ್ ಚೆಂಗ್ 1986ರಲ್ಲಿ ಆಯತಾಕಾರದ ಪೆಟ್ಟಿಗೆಯ ಒಂದು ಮೂಲೆಯಲ್ಲಿ ತಿಂಡಿ ತೋರಿಸಿ, ಇಲಿಗೆ ದಿಕ್ಕು ತಪ್ಪಿಸಿ ಮತ್ತೆ ಬಿಟ್ಟರು. ಅದು ಸರಿಯಾದ ಮೂಲೆಯನ್ನೂ ಅದಕ್ಕೆ ಕರ್ಣರೇಖೆಯಲ್ಲಿ ಎದುರಾದ ಮೂಲೆಯನ್ನೂ ಅದಲುಬದಲು ಮಾಡಿಕೊಂಡು ಕೆದಕಿತು. ಗೋಡೆಯ ಬಣ್ಣ, ವಾಸನೆಗಿಂತ ಕೋಣೆಯ ಆಕಾರವನ್ನೇ ಅದು ಹೆಚ್ಚು ನಂಬಿತ್ತು.

ಈ ಕಥೆ ಶುರುವಾದದ್ದು ಇನ್ನೂ ಹಿಂದೆ. ಇಲಿಯನ್ನು ಮೊದಲು ಚಕ್ರವ್ಯೂಹಕ್ಕೆ ಇಳಿಸಿದ್ದು ಅಮೆರಿಕದ ವಿಲ್ಲರ್ಡ್ ಸ್ಮಾಲ್. ಸುಮಾರು 1900ರಲ್ಲಿ. ನಕ್ಷೆ ತಂದದ್ದು ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್ ಅರಮನೆಯ ತೋಟದಿಂದ!

ಆಮೇಲೆ ಬಂದವರು ಎಡ್ವರ್ಡ್ ಟೋಲ್ಮನ್. ನನಗೆ ಈ ಕಥೆಯಲ್ಲಿ ಎಲ್ಲರಿಗಿಂತ ಇಷ್ಟದವರು ಇವರೇ. ಇಲಿ ಎಂದರೆ ಎಡ-ಬಲ ತಿರುವುಗಳನ್ನು ಬಾಯಿಪಾಠ ಮಾಡುವ ಯಂತ್ರ ಎಂದು ಆಗಿನ ಪಂಡಿತರು ನಂಬಿದ್ದರು. 1930ರಲ್ಲಿ ಟೋಲ್ಮನ್ ಮತ್ತು ಹಾನ್ಜಿಕ್ ಒಂದಿಷ್ಟು ಇಲಿಗಳನ್ನು ಹತ್ತು ದಿನ ಚಕ್ರವ್ಯೂಹದಲ್ಲಿ ಸುಮ್ಮನೆ ಅಲೆಯಲು ಬಿಟ್ಟರು, ಕೊನೆಯಲ್ಲಿ ತಿಂಡಿ ಇಡಲಿಲ್ಲ. ಹನ್ನೊಂದನೇ ದಿನ ಇಟ್ಟರು. ಹನ್ನೆರಡನೇ ದಿನದಿಂದ ಅವುಗಳ ತಪ್ಪುಗಳು ಒಮ್ಮೆಲೇ ಇಳಿದು, ಮೊದಲಿಂದಲೂ ತಿಂಡಿ ತಿಂದ ಇಲಿಗಳ ಸಮಕ್ಕೆ ಬಂದವು. ಅಂದರೆ ಖಾಲಿ ಅಲೆದಾಟದಲ್ಲೇ ಪಾಠ ಆಗಿತ್ತು! ಇಲಿಯ ತಲೆಯಲ್ಲಿ ನಕಾಶೆ ಇದೆ ಎಂದು ಟೋಲ್ಮನ್ 1948ರಲ್ಲಿ ಬರೆದಾಗ ಅವರ ಕೈಯಲ್ಲಿ ನರಕೋಶದ ಪುರಾವೆ ಏನೂ ಇರಲಿಲ್ಲ. ಅದು ಬರಲು ಇನ್ನೂ 23 ವರ್ಷ ಬೇಕಾಯಿತು.

ನೀರಿನಲ್ಲೂ ಪರೀಕ್ಷೆ ಉಂಟು. ರಿಚರ್ಡ್ ಮಾರಿಸ್ 1981ರಲ್ಲಿ ವರದಿ ಮಾಡಿದ ವಿಧಾನ: ದುಂಡನೆಯ ತೊಟ್ಟಿಗೆ ಹಾಲು ಬೆರೆಸಿ ನೀರನ್ನು ಮಬ್ಬು ಮಾಡುವುದು, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಒಂದು ಕಟ್ಟೆ ಅಡಗಿಸುವುದು, ಇಲಿಯನ್ನು ಒಂದೊಂದು ಸಲ ಒಂದೊಂದು ದಡದಿಂದ ಬಿಡುವುದು. ಕೆಲವೇ ಸಲಕ್ಕೆ ಅದು ಎಲ್ಲಿಂದ ಬಿಟ್ಟರೂ ಸೀದಾ ಕಟ್ಟೆಗೆ ಈಜುತ್ತದೆ. ಹಿಪ್ಪೊಕ್ಯಾಂಪಸ್ ಹಾಳಾದ ಇಲಿಗಳು ಮಾತ್ರ ತೊಟ್ಟಿಯೆಲ್ಲ ತಡಕಾಡುತ್ತವೆ.

ಬೆಂಗಳೂರಿನ ಪಾಲೂ ಸಣ್ಣದಲ್ಲ. ನ್ಯಾಷನಲ್ ಸೆಂಟರ್ ಫಾರ್ ಬಯಾಲಾಜಿಕಲ್ ಸೈನ್ಸಸ್‌ನಲ್ಲಿ (ಎನ್‌ಸಿಬಿಎಸ್) ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳನ್ನು ದಿನಕ್ಕೆ ಎರಡು ತಾಸಿನಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಹಾಕಿತು. ಆಮೇಲೆ ಮಿದುಳು ನೋಡಿದರೆ ಹಿಪ್ಪೊಕ್ಯಾಂಪಸ್ಸಿನ ಒಂದು ವಲಯದಲ್ಲಿ ನರಕೋಶಗಳ ಕವಲುಗಳು ಮೊಟಕಾಗಿದ್ದವು. ಭಯವನ್ನು ನೋಡಿಕೊಳ್ಳುವ ಅಮಿಗ್ಡಲದಲ್ಲಿ ಅವೇ ಕವಲುಗಳು ಚಿಗುರಿದ್ದವು. ದಾರಿಯ ನೆನಪು ಕಾಯುವ ಭಾಗ ಸೊರಗಿ, ಹೆದರಿಕೆಯ ಭಾಗ ಕೊಬ್ಬಿತ್ತು. 2002ರ ಈ ಪ್ರಬಂಧ ಜಗತ್ತಿನೆಲ್ಲೆಡೆ ಉಲ್ಲೇಖವಾಗುತ್ತದೆ. ನಿಮ್ಹಾನ್ಸ್‌ನ ನ್ಯೂರೊಫಿಸಿಯಾಲಜಿ ವಿಭಾಗದಲ್ಲೂ ಒತ್ತಡ ಮತ್ತು ನೆನಪಿನ ನಂಟಿನ ಮೇಲೆ ದೀರ್ಘ ಕಾಲದಿಂದ ಕೆಲಸ ನಡೆದಿದೆ. ಅಲ್ಲಿಯ ಇಲಿಗಳ ಪರೀಕ್ಷೆಗೆ ಎಂಟು ತೋಳಿನ ಚಕ್ರವ್ಯೂಹ, ಒಮ್ಮೆ ತಿಂದು ಬಂದ ತೋಳಿಗೆ ಮತ್ತೆ ಹೋದರೆ ಅದು ತಪ್ಪು.

ಅದೇ ಎನ್‌ಸಿಬಿಎಸ್‌ನ ರಾಘವ್ ರಾಜನ್, ಜೇಮ್ಸ್ ಕ್ಲೆಮೆಂಟ್, ಉಪಿಂದರ್ ಭಲ್ಲಾ 2006ರಲ್ಲಿ ಹೇಳಿದ್ದು ಇನ್ನೂ ಮಜಾ ಇದೆ: ಇಲಿಗೆ ವಾಸನೆ ‘ಸ್ಟೀರಿಯೊ’ದಲ್ಲಿ ಬರುತ್ತದೆ! ಎರಡು ಹೊಳ್ಳೆಗಳಿಗೆ ಬಂದ ವಾಸನೆ ಹೋಲಿಸಿ, ಒಂದೆರಡು ಬಾರಿ ಮೂಸುವಷ್ಟರಲ್ಲಿ ಅದು ಎಡದ್ದೋ ಬಲದ್ದೋ ಹೇಳಿಬಿಡುತ್ತದೆ. ಒಂದು ಹೊಳ್ಳೆ ಮುಚ್ಚಿದರೆ ತಪ್ಪುಗಳು ಶುರು. ಭಜಿ ಬಂಡಿ ಯಾವ ಕಡೆ ಇದೆ ಎಂದು ಚೌಕದ ಇಲಿ ತಲೆ ತಿರುಗಿಸಿ ನೋಡಬೇಕಾಗಿಲ್ಲ.

ನಿದ್ದೆಯಲ್ಲಿಯೂ ಇಲಿ ಓಡುತ್ತದೆ. ಹಗಲು ಓಡಿದಾಗ ಒಟ್ಟಿಗೆ ಮಿಡಿದ ಪ್ಲೇಸ್ ಸೆಲ್‌ಗಳು ಮಲಗಿದಾಗಲೂ ಒಟ್ಟಿಗೆ ಮಿಡಿಯುತ್ತವೆ ಎಂದು ಮ್ಯಾಥ್ಯೂ ವಿಲ್ಸನ್, ಬ್ರೂಸ್ ಮೆಕ್‌ನಾಟನ್ 1994ರಲ್ಲಿ ತೋರಿಸಿದರು. ಈ ಮರುಪ್ರಸಾರ ನಡೆಯುವ ಗಳಿಗೆಗಳನ್ನು 2009ರಲ್ಲಿ ಪ್ಯಾರಿಸ್ಸಿನ ತಂಡವೊಂದು ಕೆಡಿಸಿ ನೋಡಿತು. ಆ ಇಲಿಗಳು ದಾರಿ ಕಲಿಯುವುದರಲ್ಲಿ ಹಿಂದೆ ಬಿದ್ದವು.

ಪ್ರಯೋಗಾಲಯದಿಂದ ಹೊರಗೆ ಬಂದರೆ, ನಮ್ಮ ಹೊಲದ ಹೆಗ್ಗಣಗಳ ಲೆಕ್ಕ ಬರೆದಿಟ್ಟವನು ಒಬ್ಬ ಮಾಜಿ ಕೈದಿ! 1824ರಲ್ಲಿ ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್, 1839ರಲ್ಲಿ ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿ ಪ್ರಕಟಿಸಿದ. ಅದರಲ್ಲಿ ‘ಕೋಕ್’ ಎಂಬ ಹೆಗ್ಗಣದ ಬಿಲದ ವರ್ಣನೆ ಇದೆ: ಒಳಗೆ ಕರಿಕೆ ಹಾಸಿದ ದುಂಡು ಕೋಣೆ, ಬಾಯಿಗೆ ಸಡಿಲ ಮಣ್ಣಿನ ಮುಚ್ಚಳ, ಉಗ್ರಾಣದ ತುಂಬ ಜೋಳ, ಗೋಧಿ, ಕಡಲೆ. ಮಣ್ಣು ಅಗೆಯುವ ಜನ ಆ ಕಾಳನ್ನು ಸೇರಿನ ಲೆಕ್ಕದಲ್ಲಿ ತೆಗೆಯುತ್ತಿದ್ದರಂತೆ.

ಕೂಡಿಡುವ ಬಗೆಗೂ ಮಿದುಳಿಗೂ ಸಂಬಂಧವಿದೆ. ಅಮೆರಿಕದ ಕಾಂಗರೂ ಇಲಿಗಳಲ್ಲಿ ಕಾಳನ್ನು ಹತ್ತಾರು ಕಡೆ ಹೂತಿಡುವ ಜಾತಿಗೆ, ಒಂದೇ ಬಿಲದಲ್ಲಿ ರಾಶಿ ಹಾಕುವ ಜಾತಿಗಿಂತ ಹಿಪ್ಪೊಕ್ಯಾಂಪಸ್ ಮೈಗೆ ಹೋಲಿಸಿದರೆ ದೊಡ್ಡದು.

ಇನ್ನೊಂದು: ಕಣ್ಣು ಬಿಟ್ಟು ಗೂಡಿನಿಂದ ಮೊದಲ ಸಲ ಹೊರಬರುವ ಇಲಿಮರಿಯಲ್ಲಿ ದಿಕ್ಕಿನ ಕೋಶಗಳು ಆಗಲೇ ತಯಾರು. ಗ್ರಿಡ್ ಸೆಲ್‌ಗಳು ಪಳಗುವುದು ಸ್ವಲ್ಪ ತಡವಾಗಿ.

1998ರ ಏಪ್ರಿಲ್‌ನಲ್ಲಿ ಮೂರು ಇಲಿಗಳ ಪ್ಲೇಸ್ ಸೆಲ್‌ಗಳನ್ನು ಬಾಹ್ಯಾಕಾಶದಲ್ಲಿ ಅಳೆದರು. ವಾಹನ ಕೊಲಂಬಿಯಾ, ಕಲ್ಪನಾ ಚಾವ್ಲಾ ಅದರ ಹಿಂದಿನ ನವೆಂಬರಿನಲ್ಲಿ ಮೊದಲ ಸಲ ಹಾರಿದ್ದ ಅದೇ ನೌಕೆ. ನೆಲದ ಮೇಲೆ ಚೌಕ ಸುತ್ತಿ ಹೊರಟಲ್ಲಿಗೆ ಬರಲು ನಾಲ್ಕು ಸಲ ಬಲಕ್ಕೆ ಹೊಳ್ಳಬೇಕು. ತೂಕವೇ ಇಲ್ಲದ ಅಲ್ಲಿ, ಗೋಡೆಯಿಂದ ಗೋಡೆಗೆ ಏರುವ ಹಾದಿಯಲ್ಲಿ, ಮೂರೇ ತಿರುವಿಗೆ ಇಲಿ ಹೊರಟಲ್ಲಿಗೆ ಬರುತ್ತಿತ್ತು. ಅಷ್ಟಾದರೂ ಅದರ ಕೋಶಗಳು ತಂತಮ್ಮ ಜಾಗ ಹಿಡಿದು ಮಿಡಿದವು.