ಸುಂಕದ ಹಡಗಿಗೆ ಉಗಿಯ ಬಲ

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕಡಲಿಲ್ಲ. ಆದರೂ ಅಲ್ಲಿನ ಕಂಟೇನರ್ ಡಿಪೊದಲ್ಲಿ, ಬಂದರಿನಿಂದ ರೈಲಿನಲ್ಲಿ ಬಂದ ಸರಕನ್ನು ಸುಂಕದ ಅಧಿಕಾರಿಗಳು ತಪಾಸಣೆ ಮಾಡುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ತಪಾಸಣೆ ಕಡಲ ಮೇಲೂ ನಡೆಯುತ್ತಿತ್ತು. ಅದಕ್ಕೆಂದೇ ಇದ್ದ ಚಿಕ್ಕ, ವೇಗದ ಹಡಗಿಗೆ ‘ರೆವೆನ್ಯೂ ಕಟರ್’ ಎಂದು ಹೆಸರು. ಆಗ ಅಮೆರಿಕದ ಕೇಂದ್ರ ಸರ್ಕಾರದ ಮುಖ್ಯ ಆದಾಯವೇ ಆಮದು ಸುಂಕ. ಕಳ್ಳಸಾಗಣೆ ತಡೆಯಲು 1790ರಲ್ಲಿ ಅದು ಹತ್ತು ಕಟರ್‌ಗಳಿಗೆ ಮಂಜೂರಾತಿ ನೀಡಿತು.

ಗಾಳಿಯ ಹಂಗು

ಅವೆಲ್ಲ ಹಾಯಿಹಡಗುಗಳು. ಹಾಯಿಹಡಗು ಗಾಳಿಗೆ ನೇರ ಎದುರಾಗಿ ಸಾಗಲಾರದು, ಅಂಕುಡೊಂಕಾಗಿ ಹೋಗಬೇಕು. ಗಾಳಿ ಬಿದ್ದರೆ ನಿಂತಲ್ಲೇ ನಿಲ್ಲಬೇಕು. ಉಗಿಯಂತ್ರಕ್ಕೆ ಈ ಹಂಗಿಲ್ಲ. ಆದರೆ ಉಗಿಹಡಗಿನ ಎರಡೂ ಪಕ್ಕದಲ್ಲಿ ತೂಗುವ ದೊಡ್ಡ ಹುಟ್ಟುಚಕ್ರಗಳಿಗೆ ಗುಂಡು ತಗುಲುವ ಭಯವಿತ್ತು. ಫಿರಂಗಿಗಳಿಗೆ ಜಾಗವೂ ಕಡಿಮೆಯಾಗುತ್ತಿತ್ತು.

ಹಂಟರ್ ಚಕ್ರ

ನೌಕಾಧಿಕಾರಿ ವಿಲಿಯಂ ಹಂಟರ್ ಒಂದು ಉಪಾಯ ಹೂಡಿದ. ಚಕ್ರವನ್ನು ಬೀಸುವ ಕಲ್ಲಿನಂತೆ ಅಡ್ಡ ಮಲಗಿಸಿ, ಹಡಗಿನೊಳಗೆ ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟ. ಅಲಗುಗಳು ಮಾತ್ರ ಪಕ್ಕದ ಸೀಳಿನಿಂದ ಹೊರಚಾಚಿ ನೀರನ್ನು ಹಿಂದಕ್ಕೆ ತಳ್ಳುತ್ತಿದ್ದವು. 1840ರ ದಶಕದಲ್ಲಿ ‘ಸ್ಪೆನ್ಸರ್’ ಮೊದಲಾದ ಕಬ್ಬಿಣದ ಕಟರ್‌ಗಳಿಗೆ ಈ ಚಕ್ರ ಜೋಡಿಸಿದರು.

ಫಲ ನಿರಾಶಾದಾಯಕ. ಏಕೆ? ಸಾಮಾನ್ಯ ಹುಟ್ಟುಚಕ್ರದ ಕೆಳಭಾಗ ಮಾತ್ರ ನೀರಿನಲ್ಲಿರುತ್ತದೆ. ಅಲಗು ಮುಂದಕ್ಕೆ ಮರಳುವುದು ಗಾಳಿಯಲ್ಲಿ. ಗಾಳಿಯ ಸಾಂದ್ರತೆ ನೀರಿನದರ ಸುಮಾರು 800ರಲ್ಲಿ ಒಂದು ಪಾಲು. ಆದ್ದರಿಂದ ತಡೆ ಅತ್ಯಲ್ಪ. ಹಂಟರ್ ಚಕ್ರದ ಅಲಗು ಮರಳುತ್ತಿದ್ದುದು ನೀರು ತುಂಬಿದ ಗೂಡಿನೊಳಗೆ. ಆ ನೀರನ್ನು ಕಡೆಯುವುದರಲ್ಲೇ ಯಂತ್ರದ ಶಕ್ತಿ ಪೋಲಾಗುತ್ತಿತ್ತು. ಕಲ್ಲಿದ್ದಲು ಹೆಚ್ಚು ಉರಿಯಿತು, ವೇಗ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಸುಂಕದ ಸೇವೆ ಮತ್ತೆ ಹಾಯಿಗೇ ಮರಳಿತು.

ಹ್ಯಾರಿಯೆಟ್ ಲೇನ್

1857ರಲ್ಲಿ ನ್ಯೂಯಾರ್ಕಿನ ವಿಲಿಯಂ ವೆಬ್ ಹೊಸ ಉಗಿ ಕಟರ್ ಒಂದನ್ನು ಕಟ್ಟಿದ. ಅದೇ ‘ಹ್ಯಾರಿಯೆಟ್ ಲೇನ್’. ಅದಕ್ಕಿದ್ದುದು ಹಳೆಯ ಬಗೆಯ ಪಕ್ಕದ ಚಕ್ರಗಳೇ. ಜೊತೆಗೆ ಎರಡು ಕೂವೆಕಂಬ, ಹಾಯಿ. ಈ ಹಡಗು ನಂಬಿಕೆ ಉಳಿಸಿಕೊಂಡಿತು. 1861ರ ಏಪ್ರಿಲ್‌ನಲ್ಲಿ, ಅಮೆರಿಕದ ಅಂತರ್ಯುದ್ಧದ ಆರಂಭದಲ್ಲಿ, ಸಮ್ಟರ್ ಕೋಟೆಯ ಬಳಿ ಬಾವುಟ ತೋರದೆ ಬಂದ ‘ನ್ಯಾಶ್‌ವಿಲ್’ ಹಡಗಿನತ್ತ ಎಚ್ಚರಿಕೆಯ ಗುಂಡು ಹಾರಿಸಿತು. 1863ರ ಜನವರಿ 1ರಂದು ಗಾಲ್ವೆಸ್ಟನ್‌ನಲ್ಲಿ ಶತ್ರುವಶವಾಯಿತು.

ಮಾಡಿ ನೋಡಿ

ರಬ್ಬರ್ ಬ್ಯಾಂಡಿನಿಂದ ತಿರುಗುವ ಹುಟ್ಟುಚಕ್ರದ ಥರ್ಮೋಕೋಲ್ ದೋಣಿ ಮಾಡಿ. ಚಕ್ರದ ಕೆಳಭಾಗ ಮಾತ್ರ ಮುಳುಗಿದಾಗ ದೋಣಿ ಎಷ್ಟು ದೂರ ಹೋಗುತ್ತದೆ, ನೋಡಿ. ಅನಂತರ ಚಕ್ರವನ್ನು ಪೂರ್ತಿ ಮುಳುಗುವಂತೆ ಕೆಳಗೆ ಜೋಡಿಸಿ, ಅಷ್ಟೇ ಸುತ್ತು ಕೊಟ್ಟು ಬಿಡಿ. ರಬ್ಬರಿನಲ್ಲಿದ್ದ ಶಕ್ತಿ ಅಷ್ಟೇ. ದೋಣಿ ಮಾತ್ರ ಹೆಚ್ಚು ಮುಂದೆ ಸಾಗದು. ಹಾಗಾದರೆ ಶಕ್ತಿ ಹೋದದ್ದೆಲ್ಲಿಗೆ? ಉತ್ತರವನ್ನು ವಿದ್ಯಾರ್ಥಿಗಳೇ ಹೇಳಲಿ.